ಮೊದಲು ಊಟ, ಆಮೇಲೆ ಪ್ರಶ್ನೆ

ಮನೆಯಲ್ಲಿ ಜಗಳವಾದಾಗ ಮಕ್ಕಳು ಮೊದಲು ಕ್ಷಮೆ ಕೇಳಲಿ, ಆಮೇಲೆ ಎಲ್ಲರೂ ಊಟಕ್ಕೆ ಕೂರಲಿ ಎಂದು ಲೇಖಕರೊಬ್ಬರು ತಮ್ಮ ಲೇಖನದಲ್ಲಿ ಕ್ರೈಸ್ತ ಕುಟುಂಬಗಳಿಗೆ ಸಲಹೆ ನೀಡಿದ್ದಾರೆ. ಅವರ ಕಳಕಳಿಯನ್ನು ಗೌರವಿಸುತ್ತಲೇ, ಬೈಬಲಿನ ಯೊವಾನ್ನರ ಶುಭಸಂದೇಶದ 21ನೇ ಅಧ್ಯಾಯ ಬೇರೊಂದು ಕ್ರಮವನ್ನು ತೋರಿಸುತ್ತದೆ ಎಂದು ಹೇಳಬಯಸುತ್ತೇನೆ.

ರಾತ್ರಿಯಿಡೀ ದುಡಿದು ದಡ ಸೇರಿದ ಶಿಷ್ಯರಿಗಾಗಿ ಪುನರುತ್ಥಾನರಾದ ಯೇಸುಸ್ವಾಮಿ ಇದ್ದಲಿನ ಬೆಂಕಿಯ ಮೇಲೆ ಮೀನಿಟ್ಟು, ರೊಟ್ಟಿಯನ್ನೂ ಸಿದ್ಧಪಡಿಸಿ, ಮೊದಲು ಅವರನ್ನು ಊಟಕ್ಕೆ ಕರೆಯುತ್ತಾರೆ. ತಮ್ಮ ಬಂಧನದ ರಾತ್ರಿ ತಾನು ಅವರ ಶಿಷ್ಯನೇ ಅಲ್ಲವೆಂದು ಮೂರು ಬಾರಿ ಅಲ್ಲಗಳೆದಿದ್ದ ಶಿಷ್ಯ ಪೇತ್ರನಿಗೆ, ತಮ್ಮನ್ನು ಪ್ರೀತಿಸುತ್ತೀಯಾ ಎಂದು ಮೂರು ಬಾರಿ ಕೇಳುವುದು ಊಟವಾದ ಮೇಲೆಯೇ. ಪೇತ್ರ ಅಲ್ಲಗಳೆದದ್ದೂ ಇದ್ದಲಿನ ಬೆಂಕಿಯ ಬಳಿಯೇ ಎಂದು 18ನೇ ಅಧ್ಯಾಯ ಹೇಳುತ್ತದೆ. ಇದು ಆಕಸ್ಮಿಕವೆಂದು ನನಗೆ ಅನಿಸುವುದಿಲ್ಲ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವ ಮಳೆಗಾಲದಲ್ಲಿ, ಕಾರವಾರದ ನಮ್ಮಂಥ ಮೀನುಗಾರರ ಮನೆಗಳಲ್ಲಿ ಕೈ ಬರಿದಾಗಿ ತಂದೆ-ಮಕ್ಕಳ ಮಾತು ಬಿರುಸಾಗುವುದುಂಟು. ಅಂಥ ಸಂಜೆಗಳಲ್ಲಿ ಅಮ್ಮ ಯಾರದು ತಪ್ಪೆಂದು ವಿಚಾರಿಸದೆ ಎಲ್ಲರಿಗೂ ಗಂಜಿ ಬಡಿಸಿ, ಬಳಿಕ ಜಪಸರದ ಪ್ರಾರ್ಥನೆಗೆ ಕೂರಿಸುತ್ತಿದ್ದರು. ಮಾತುಕತೆ ನಡೆಯುತ್ತಿದ್ದುದು ಅದರ ನಂತರ, ಅದೂ ತಗ್ಗಿದ ದನಿಯಲ್ಲಿ.

ಲೂಕರ ಶುಭಸಂದೇಶದ 15ನೇ ಅಧ್ಯಾಯದ ಸಾಮತಿಯಲ್ಲಿ, ಆಸ್ತಿಯನ್ನೆಲ್ಲ ಹಾಳುಮಾಡಿ ಮನೆಗೆ ಮರಳಿದ ಮಗ ಬಾಯಿ ತೆರೆಯುವ ಮೊದಲೇ ತಂದೆಯೂ ಓಡಿಹೋಗಿ ಅಪ್ಪಿಕೊಳ್ಳುತ್ತಾನೆ.

ಹಾಗೆಂದು ತಪ್ಪನ್ನು ಮುಚ್ಚಿಹಾಕಬೇಕೆಂದು ನಾನು ಹೇಳುತ್ತಿಲ್ಲ. ಮೂರನೆಯ ಬಾರಿ ಕೇಳಿದಾಗ ಪೇತ್ರನಿಗೆ ನೋವಾಯಿತೆಂದು ಶುಭಸಂದೇಶವೇ ಹೇಳುತ್ತದೆ. ಆದರೂ ಸ್ವಾಮಿ ಕೇಳದೆ ಬಿಡಲಿಲ್ಲ. ಊಟವನ್ನು ಕ್ಷಮಾಯಾಚನೆಯ ನಂತರಕ್ಕೆ ಮುಂದೂಡುವ ಸಲಹೆಯನ್ನು ಮಾತ್ರ ಲೇಖಕರು ಮರುಪರಿಶೀಲಿಸಬೇಕೆಂದು ಪ್ರೀತಿಯಿಂದ ಕೋರುತ್ತೇನೆ.