ಬೀಟ್ ಸಭೆಯಲ್ಲಿ ಯಾರು ಕೂರಬೇಕು?

2025ರ ಜುಲೈನಲ್ಲಿ ರಾಜ್ಯದಲ್ಲಿ ‘ಮನೆ ಮನೆಗೆ ಪೊಲೀಸ್’ ಯೋಜನೆಗೆ ಚಾಲನೆ ಸಿಕ್ಕಾಗ, ಪೊಲೀಸರು ತಾವಾಗಿಯೇ ಮನೆಬಾಗಿಲಿಗೆ ಬಂದು ಅಹವಾಲು ಕೇಳುತ್ತಾರೆಂಬುದು ಅನೇಕರಿಗೆ ಹೊಸ ಸಂಗತಿಯಾಗಿ ಕಂಡಿತು. ನಾನೂ ಅದನ್ನು ಮನಸಾರೆ ಸ್ವಾಗತಿಸುತ್ತೇನೆ. ಆದರೆ 2017ರ ಸುಧಾರಿತ ಬೀಟ್ (ಗಸ್ತು ಪ್ರದೇಶ) ವ್ಯವಸ್ಥೆಯಲ್ಲೇ ಒಬ್ಬೊಬ್ಬ ಕಾನ್‌ಸ್ಟೆಬಲ್‌ಗೆ ಒಂದೊಂದು ಬೀಟ್ ವಹಿಸಿ, ಅಲ್ಲಿನ ನಾಗರಿಕರನ್ನು ಬೀಟ್ ಸದಸ್ಯರನ್ನಾಗಿ ಸೇರಿಸಿಕೊಳ್ಳುವ ಏರ್ಪಾಡಿತ್ತು. ಪೊಲೀಸರು ಜನರೊಡನೆ ಬೆರೆತು ಕೆಲಸ ಮಾಡುವ ಕೇರಳದ ‘ಜನಮೈತ್ರಿ’ ಯೋಜನೆ ಆರಂಭವಾದದ್ದು ಅದಕ್ಕೂ ಮೊದಲು, 2008ರಲ್ಲಿ. ಹಾಗಾಗಿ ಯೋಜನೆ ಬೇಕೇ ಬೇಡವೇ ಎಂಬ ಚರ್ಚೆಗಿಂತ, ಪೊಲೀಸರೆದುರು ಕುಳಿತು ಊರಿನ ಪರವಾಗಿ ಮಾತನಾಡುವವರು ಯಾರು ಎಂಬ ಪ್ರಶ್ನೆಯೇ ನನಗೆ ಮುಖ್ಯವಾಗಿ ತೋರುತ್ತದೆ.

ಈ ವಿಷಯದಲ್ಲಿ ನಾನು ಮತ್ತೆ ಮತ್ತೆ ನೆನೆಯುವುದು ಮಹಾರಾಷ್ಟ್ರದ ಭಿವಂಡಿಯನ್ನು. ವಿದ್ಯುತ್ ಮಗ್ಗಗಳ ಆ ಊರು 1984ರಲ್ಲಿ ಭೀಕರ ಕೋಮುಗಲಭೆಯಲ್ಲಿ ನಲುಗಿತ್ತು. ಕೆಲ ವರ್ಷಗಳ ನಂತರ ಅಲ್ಲಿಗೆ ಡಿಸಿಪಿಯಾಗಿ ಬಂದ ಸುರೇಶ್ ಖೋಪಡೆ, ಗಣ್ಯರನ್ನೇ ಕರೆದು ನಡೆಸುವ ಶಾಂತಿಸಭೆಗಳನ್ನು ನೆಚ್ಚಿಕೊಳ್ಳದೆ, ಎರಡೂ ಸಮುದಾಯಗಳ ಸಾಮಾನ್ಯ ನಿವಾಸಿಗಳನ್ನು ಸೇರಿಸಿ ಮೊಹಲ್ಲಾ ಸಮಿತಿಗಳನ್ನು ಕಟ್ಟಿದರು. 1992ರ ಡಿಸೆಂಬರ್ ಮತ್ತು 1993ರ ಜನವರಿಯಲ್ಲಿ ಪಕ್ಕದ ಮುಂಬೈ ಹೊತ್ತಿ ಉರಿದಾಗ ಭಿವಂಡಿ ಶಾಂತವಾಗಿಯೇ ಉಳಿಯಿತು. ಗಲಭೆ ಶುರುವಾದ ಮೇಲೆ ಸಭೆ ಕರೆದರೆ ಯಾರೂ ಯಾರ ಮಾತನ್ನೂ ನಂಬುವುದಿಲ್ಲ. ಅಲ್ಲಿ ಆ ನಂಬಿಕೆ, ಚರಂಡಿ, ನೀರು, ಸಣ್ಣಪುಟ್ಟ ಜಗಳಗಳ ಮಾತುಕತೆಯಲ್ಲೇ ಮೊದಲೇ ಬೆಳೆದಿರಬೇಕು ಎಂದು ನಾನು ತಿಳಿಯುತ್ತೇನೆ.

ತಮಿಳುನಾಡಿನ ಅನುಭವ ಎಚ್ಚರಿಕೆಯದು. 1993ರಲ್ಲಿ ರಾಮನಾಥಪುರದಲ್ಲಿ ಒಳ್ಳೆಯ ಉದ್ದೇಶದಿಂದಲೇ ಹುಟ್ಟಿದ ‘ಫ್ರೆಂಡ್ಸ್ ಆಫ್ ಪೊಲೀಸ್’ ಎಂಬ ನಾಗರಿಕ ಸ್ವಯಂಸೇವಕರ ಪಡೆಯ ಮೇಲೆ, 2020ರಲ್ಲಿ ಸಾತಾನ್‌ಕುಳಂನಲ್ಲಿ ತಂದೆ ಮತ್ತು ಮಗ ಪೊಲೀಸ್ ವಶದಲ್ಲಿ ಹಿಂಸೆಗೊಳಗಾಗಿ ಸತ್ತ ಪ್ರಕರಣದ ನಂತರ ಗಂಭೀರ ಆರೋಪಗಳು ಬಂದು, ಸರ್ಕಾರ ಅದನ್ನು ನಿಷೇಧಿಸಬೇಕಾಯಿತು. ನಾಗರಿಕ ಪೊಲೀಸರಿಗೆ ಮಾಹಿತಿ ಕೊಡಬಹುದು, ಪ್ರಶ್ನೆಯನ್ನೂ ಕೇಳಬೇಕು; ಲಾಠಿಯ ಪಾಲುದಾರ ಮಾತ್ರ ಆಗಬಾರದು.

ನಮ್ಮಲ್ಲಿ ಬೀಟ್ ಸಭೆಯೆಂದರೆ ಬಡಾವಣೆ ಸಂಘದ ಪದಾಧಿಕಾರಿಗಳು, ಅಂಗಡಿ ಮಾಲೀಕರು, ಪಕ್ಷದ ಸ್ಥಳೀಯ ಮುಖಂಡರು ಎಂದಾಗಿಬಿಡುವ ಅಪಾಯ ಯಾವಾಗಲೂ ಇದೆ. ಬೆಳಗಿನ ಜಾವ ಬೀದಿ ಗುಡಿಸುವ ಪೌರಕಾರ್ಮಿಕ ಮಹಿಳೆಗೆ ಯಾವ ತಿರುವಿನಲ್ಲಿ ದೀಪವಿಲ್ಲವೆಂಬುದು ಗೊತ್ತು. ಪಿಜಿಯಲ್ಲಿರುವ ಹುಡುಗಿಯರಿಗೆ ಯಾರು ಹಿಂಬಾಲಿಸುತ್ತಾರೆಂಬುದು ಗೊತ್ತು. ಕಟ್ಟಡದ ಕೆಲಸಕ್ಕೆ ರಾಯಚೂರಿನಿಂದಲೋ ಬಿಹಾರದಿಂದಲೋ ಬಂದ ಕುಟುಂಬದ ಬಗ್ಗೆ ಆ ಸಭೆಯಲ್ಲಿ ಅನುಮಾನದ ಮಾತು ಬರುವುದುಂಟು, ಆದರೆ ಅವರ ಮಾತನ್ನು ಕೇಳುವವರಿಲ್ಲ. ಇವರಿಗೆ ಅಲ್ಲಿ ಕುರ್ಚಿ ಬೇಕು.

ಇನ್ನೊಂದು ಮಾತು. ಬೀಟ್ ಕಾನ್‌ಸ್ಟೆಬಲ್ ಅನ್ನು ವಾರಕ್ಕೊಮ್ಮೆ ಬಂದೋಬಸ್ತ್‌ಗೆ ಎಳೆದುಕೊಂಡು ಹೋಗುತ್ತಿದ್ದರೆ ಜನರಿಗೆ ಅವರ ಹೆಸರೂ ನೆನಪಿರುವುದಿಲ್ಲ. ಮನೆಭೇಟಿಯಲ್ಲಿ ಏನನ್ನು ಕೇಳಬಹುದು, ಏನನ್ನು ದಾಖಲಿಸಬಾರದು ಎಂಬುದೂ ಲಿಖಿತವಾಗಿರಬೇಕು. ಪ್ರತಿ ಸಭೆಯ ನಡಾವಳಿ ಠಾಣೆಯ ಫಲಕದಲ್ಲಿ ಎಲ್ಲರಿಗೂ ಕಾಣುವಂತಿರಲಿ. ಹಿಂದಿನ ದೂರುಗಳು ಏನಾದವು ಎಂಬ ಉತ್ತರದಿಂದಲೇ ಮುಂದಿನ ಸಭೆ ಆರಂಭವಾಗಲಿ.