ಬೊಜ್ಜಿಗೆ ಸೋಮಾರಿತನವೊಂದೇ ಕಾರಣವಾ?

ಬೊಜ್ಜಿಗೆ ಸೋಮಾರಿತನವೇ ಕಾರಣ ಅಂತ ಲೇಖನದಲ್ಲಿ ಬರೆದಿದ್ದೀರಿ. ಒಪ್ಪೋದು ಕಷ್ಟ ಸಾರ್. ಇಂಗ್ಲೆಂಡಿನಲ್ಲಿ ಶಾಲಾ ಮಕ್ಕಳ ತೂಕವನ್ನು ಸರ್ಕಾರವೇ ಪ್ರತಿವರ್ಷ ನೋಡುತ್ತದೆ. ತೀರಾ ಬಡ ಪ್ರದೇಶಗಳ ಮಕ್ಕಳಲ್ಲಿ ಬೊಜ್ಜು ಅನುಕೂಲಸ್ಥರ ಪ್ರದೇಶಗಳಿಗಿಂತ ಎರಡು ಪಟ್ಟಿಗೂ ಜಾಸ್ತಿ. ಬಡವರ ಮಕ್ಕಳಷ್ಟೇ ಸೋಮಾರಿಗಳಾ? ಹೊಟ್ಟೆ ತುಂಬಿಸೋ ಲೆಕ್ಕದಲ್ಲಿ ಹಣ್ಣು ತರಕಾರಿ ದುಬಾರಿ, ಎಣ್ಣೆ ಸಕ್ಕರೆಯ ತಿಂಡಿ ಅಗ್ಗ, ಅಷ್ಟೇ. 2018ರಲ್ಲಿ ಅಲ್ಲಿ ಸಕ್ಕರೆ ಪಾನೀಯಗಳಿಗೆ ತೆರಿಗೆ ಬಂತು. ಅದು ಬರುತ್ತೆ ಅಂತ 2016ರಲ್ಲಿ ಘೋಷಿಸಿದ ಮೇಲೆ ಎಷ್ಟೋ ಕಂಪನಿಗಳು ತಾವೇ ಸಕ್ಕರೆ ಇಳಿಸಿದವು. ಜನರಿಗೆ ಉಪದೇಶ ಮಾಡಿದ್ದರಿಂದ ಅಲ್ಲ.

ನಮ್ಮ ದೇಶದಲ್ಲಿ ಇನ್ನೂ ಉಲ್ಟಾ, ಉಳ್ಳವರಲ್ಲೇ ತೂಕ ಜಾಸ್ತಿ. ಆದರೆ ಹಾಸನದ ಬಸ್ ಸ್ಟ್ಯಾಂಡ್ ಕಡೆ ಬನ್ನಿ (ಬೇಕರಿಗೆ ಹೆಸರಾದ ಜಿಲ್ಲೆ ನಮ್ಮದು, ಅದು ಬೇರೆ ಮಾತು). ಗಾರ್ಮೆಂಟ್ಸ್‌ಗೆ ಓಡುವ ಹೆಣ್ಣುಮಕ್ಕಳಿಗೆ ಬೆಳಗಿನ ತಿಂಡಿ ಒಂದು ಪಫ್, ಒಂದು ಟೀ. ಅದೇ ದುಡ್ಡಿಗೆ ಎಷ್ಟು ಹಣ್ಣು ಬರುತ್ತೆ, ನೀವೇ ಹೇಳಿ.