ಹುಲ್ಲು ಮಾರೋನ ಕಡೆಯಿಂದ

"ಕೆರೇಲಿ ಪುಕ್ಸಟ್ಟೆ ಸಿಗೋ ಪಾಚಿಗೆ 40 ರೂಪಾಯಾ ಗುರು?" ಅಂತ ಮೊನ್ನೆ ಬೆಂಗಳೂರಿಂದ ಒಬ್ರು ವಾಟ್ಸಾಪ್ ಮಾಡಿದ್ರು. ಉದ್ದ ಉತ್ತರ ಟೈಪ್ ಮಾಡ್ದೆ, ಅಳಿಸ್ದೆ, ಮತ್ತೆ ಟೈಪ್ ಮಾಡ್ದೆ, ಕೊನೆಗೆ "ಹೌದು ಸಾರ್ 40" ಅಂತಷ್ಟೇ ಕಳಿಸ್ದೆ. ಅಲ್ಲಿ ನುಂಗ್ಕೊಂಡಿದ್ದನ್ನ ಇಲ್ಲಿ ಕಕ್ತಾ ಇದೀನಿ, ಉದ್ದ ಆಯ್ತು ಅಂತ ಬೈಕೋಬೇಡಿ.

ಗೊತ್ತಿಲ್ಲದೋರಿಗೆ ಹೇಳ್ಬಿಡ್ತೀನಿ, ನಮ್ದು ಬೇಲೂರು ತಾಲ್ಲೂಕು ಅರೇಹಳ್ಳಿ ಕಡೆ. ಕಾಫಿಗೆ ಹೂವಿನ ನೀರು ಕೊಡೋಕೆ ಅಂತ ಅಪ್ಪ ತೋಟದ ತಗ್ಗಲ್ಲಿ ತೋಡಿಸಿದ ಹೊಂಡ ಇದೆ, ಅದ್ರ ಒಂದು ಮೂಲೆ ನಂದು. ವ್ಯಾಲಿಸ್ನೇರಿಯಾ, ಅಂಬುಲಿಯಾ, ರೊಟಾಲಾ, ಹೈಡ್ರಿಲ್ಲಾ, ಎಲ್ಲಾ ಅಕ್ವೇರಿಯಂಗೆ ಹೋಗೋ ಗಿಡ. ಮನೆ ಹಿಂದೆ ಹತ್ತು ಸಿಮೆಂಟ್ ಟಬ್ ಬೇರೆ. ಊರಲ್ಲಿ ನನ್ ಹೆಸ್ರು ಹುಲ್ಲು ಮಾರೋನು. ನಮ್ಮತ್ತೆ ನೆಂಟರ ಮುಂದೆ "ಅಳಿಯಂದು ಏನೋ ನೀರಿನ ಬಿಸಿನೆಸ್ಸು" ಅಂತ ಹೇಳಿ ಮಾತು ತಿರುಗಿಸ್ತಾರೆ.

ಹೈಡ್ರಿಲ್ಲಾ ಅಂದ್ರೆ ಯಾವ್ದು ಅಂತ ಕೇಳೋರಿಗೆ, ಪಿಯುಸಿ ಲ್ಯಾಬಲ್ಲಿ ಗಾಜಿನ ಫನಲ್ ಕೆಳಗೆ ಇಟ್ಟು ಚೂರು ಸೋಡ ಹಾಕಿ ಗುಳ್ಳೆ ಎಣಿಸಿದ್ರಲ್ಲ, ಅದೇ. ಅದು ನಮ್ ದೇಶದ್ದೇ ಗಿಡ, ಅಮೆರಿಕದೋರು ಅಕ್ವೇರಿಯಂಗೆ ಅಂತ ತಗೊಂಡೋಗಿ ಫ್ಲೋರಿಡಾ ಕೆರೆಗಳಿಗೆ ಸೇರಿಸ್ಕೊಂಡು ಇವತ್ತಿಗೂ ಬಾಯಿ ಬಡ್ಕೋತಾವ್ರೆ. ಅದಕ್ಕೆ ನಾನೂ ಕಾಸು ಜಾಸ್ತಿ ಕೇಳಲ್ಲ, ಕೈ ಹಾಕಿದ್ರೆ ಒಂದು ಬುಟ್ಟಿ ಬರತ್ತೆ.

ಹೊಂಡದ ಗಿಡದ ದೊಡ್ಡ ಗುಣ ಏನಪ್ಪಾ ಅಂದ್ರೆ ಅದು ನೀರೊಳಗೇ ಬೆಳೆದಿರತ್ತೆ. ಅಂಗಡೀಲಿ ಕುಂಡದಲ್ಲಿ ಬರೋ ಎಷ್ಟೋ ಗಿಡಗಳನ್ನ ನರ್ಸರೀಲಿ ಬೇರು ಮಾತ್ರ ಒದ್ದೆ ಇಟ್ಟು ಎಲೆ ಗಾಳೀಲಿ ಬೆಳೆಸಿರ್ತಾರೆ, ನೋಡೋಕೆ ಗಟ್ಟಿಮುಟ್ಟಾಗಿ ಹೊಳೀತಿರತ್ತೆ, ನೀವು ಮನೆಗೆ ತಂದು ಟ್ಯಾಂಕಲ್ಲಿ ಮುಳುಗಿಸಿ ಎರಡು ವಾರಕ್ಕೆ ಆ ಎಲೆ ಎಲ್ಲಾ ಕೊಳೆತು ಲೋಳೆ ಆಗತ್ತೆ. ಬೇರು ಬದುಕಿದ್ರೆ ಆಮೇಲೆ ನೀರಿನ ಎಲೆ ಹೊಸದಾಗಿ ಬರತ್ತೆ, ಆದ್ರೆ ಅಷ್ಟರಲ್ಲಿ ನೀವು ಕಿತ್ತು ಬಿಸಾಕಿರ್ತೀರ. ಹೊಂಡದ್ದು ಆ ಕಾಟ ಕಮ್ಮಿ.

ಆದ್ರೆ ಹೊಂಡದ ಗಿಡದ ಜೊತೆ ಹೊಂಡಾನೂ ಬರತ್ತೆ ಕಣ್ರೀ. ಬಸವನಹುಳು, ಅದರ ಲೋಳೆ ಮೊಟ್ಟೆ, ಜಿಗಣೆ, ಏರೋಪ್ಲೇನ್ ಚಿಟ್ಟೆ ಮರಿ. ಈ ಚಿಟ್ಟೆ ಮರಿ ನೋಡೋಕೆ ಕಸದ ಚೂರಿನ ಥರ ಸುಮ್ನೆ ಕೂತಿರತ್ತೆ, ದವಡೆ ಚಾಚಿ ಗಪ್ಪಿ ಮೀನಿನ ಮರಿ ಎಳ್ಕೊಂಡ್ರೆ ಮುಗೀತು. ಅದಕ್ಕೇ ಕಿತ್ತ ಗಿಡನ ಒಂದೊಂದು ಎಳೆ ಬಿಡಿಸಿ ನೋಡಿ, ಪಟಿಕದ ನೀರಲ್ಲಿ ನೆನೆಸಿ, ತೊಳೆದು, ಹದಿನೈದು ದಿನ ಟಬ್ಬಲ್ಲಿ ಇಟ್ಟು, ಆಮೇಲೆ ಒದ್ದೆ ಪೇಪರ್ ಸುತ್ತಿ ಕವರಿಗೆ ಹಾಕೋದು. ನೀರು ತುಂಬಿ ಕಳಿಸಲ್ಲ, ದಾರೀಲಿ ಕುಲುಕಿ ಕುಲುಕಿ ಬಿಸಿ ಆಗಿ ಗೊಜ್ಜಾಗತ್ತೆ. ಆ 40ರಲ್ಲಿ ಗಿಡದ್ದು ಹತ್ತು ಇರಬೋದು, ಮಿಕ್ಕಿದ್ದು ನನ್ ಸೊಂಟನೋವಿಂದು.

ಈ ಟಬ್ಬಿನ ಬುದ್ಧಿ ನಂಗೆ ಮೊದಲಿಂದ ಇರ್ಲಿಲ್ಲ, ಅದನ್ನೂ ಹೇಳ್ಬೇಕು. ಮೂರು ವರ್ಷದ ಹಿಂದೆ ಮೇ ಕೊನೇಲಿ, ಮೇಲಿನ ತೋಟದಲ್ಲಿ ಕಾಫಿಗೂ ಮೆಣಸಿನ ಬಳ್ಳಿಗೂ ಕೊಳೆರೋಗಕ್ಕೆ ಅಂತ ಬೋರ್ಡೋ ದ್ರಾವಣ ಹೊಡೆದಿದ್ರು. ಮೈಲುತುತ್ತ, ಸುಣ್ಣ, ನೀರು, ನಮ್ ಕಡೆ ಮಳೆಗೆ ಮುಂಚೆ ಎಲ್ರೂ ಹೊಡಿಯೋದೇ, ನಾವೂ ಹೊಡೀತೀವಿ. ಅದಾದ ಎರಡು ದಿನಕ್ಕೆ ಗುಡುಗು ಮಳೆ ಜಡೀತು, ಇಳಿಜಾರಿನ ನೀರೆಲ್ಲಾ ಕೆಂಪಾಗಿ ಹೊಂಡಕ್ಕೆ ಬಂತು. ಮೂರ್ನಾಲ್ಕು ದಿನ ಬಿಟ್ಟು ಗಿಡ ಕೀಳೋಕೆ ಇಳಿದ್ರೆ ಬಸವನಹುಳುಗಳ ಖಾಲಿ ಚಿಪ್ಪು ದಡದುದ್ದಕ್ಕೂ ತೇಲ್ತಾ ಇದ್ವು. ನಾನೇನ್ಮಾಡ್ದೆ ಹೇಳಿ? ಖುಷಿ ಪಟ್ಟೆ! ಆರಿಸೋ ಕೆಲಸ ಉಳೀತಲ್ಲ ಅಂತ. ಅವತ್ತೇ ಕಿತ್ತು, ಅವತ್ತೇ ತೊಳೆದು, ಸಂಜೆ ಹಾಸನಕ್ಕೆ ಹೋಗಿ ಪಾರ್ಸಲ್ ಹಾಕಿ ಬಂದೆ.

ಮೈಸೂರಿನ ಹುಡುಗ ಒಬ್ಬ, ಇಂಜಿನಿಯರಿಂಗ್ ಓದ್ತಿದ್ದ, ಕೆಂಪು ಚೆರ್ರಿ ಸಿಗಡಿ ಸಾಕಿದ್ದ. ಹತ್ತರಿಂದ ಶುರು ಮಾಡಿ ನೂರರ ಹತ್ರ ಮಾಡ್ಕೊಂಡಿದ್ನಂತೆ. ನನ್ ರೊಟಾಲಾ ಹಾಕಿದ ರಾತ್ರೀನೇ ಅವು ಟ್ಯಾಂಕ್ ಪೂರ್ತಿ ದಿಕ್ಕೆಟ್ಟು ಓಡಾಡೋಕೆ ಶುರು, ಬೆಳಿಗ್ಗೆ ಎದ್ದು ನೋಡಿದ್ರೆ ಮರಳ ಮೇಲೆ ಬೆಳ್ಳಗೆ ಬಿದ್ದಿದ್ವು. ಮೀನಿಗೆ ಏನೂ ಆಗಿರ್ಲಿಲ್ಲ. ಫೋಟೋ ಕಳಿಸ್ದ, ಕೆಳಗೆ ಒಂದು ಬೈಗುಳಾನೂ ಇಲ್ಲ, "ಅಣ್ಣ ಇದು ಯಾಕೆ ಹಿಂಗಾಯ್ತು" ಅಷ್ಟೇ. ಬೈದಿದ್ರೇ ವಾಸಿ ಇತ್ತು.

ತಾಮ್ರ ಅಂದ್ರೆ ಸಿಗಡಿಗೂ ಬಸವನಹುಳುಗೂ ವಿಷ, ಮೀನು ತಡೆಯೋ ಅಷ್ಟರಲ್ಲೇ ಇವು ಸತ್ತೋಗ್ತವೆ. ಮೈಲುತುತ್ತ ಅಂದ್ರೆ ತಾಮ್ರವೇ. ಲ್ಯಾಬ್ ರಿಪೋರ್ಟ್ ಏನೂ ನನ್ ಹತ್ರ ಇಲ್ಲ, ಆದ್ರೆ ದಡದ ಚಿಪ್ಪುಗಳು ನಂಗೆ ಮೊದಲೇ ಹೇಳಿದ್ವು, ನಾನೇ ಕೇಳಿಸ್ಕೊಳ್ಲಿಲ್ಲ. ದುಡ್ಡು ವಾಪಸ್ ಹಾಕ್ದೆ, ಸಿಗಡಿ ಬೇರೆ ಕಡೆಯಿಂದ ಕೊಡಿಸ್ದೆ. ಆ ಹುಡುಗ ಈಗ್ಲೂ ನನ್ ಕಸ್ಟಮರ್ರು, ಅದು ಅವನ ದೊಡ್ಡತನ.

ಅದಕ್ಕೇ ಹೇಳೋದು, ಗಿಡ ತಗೊಳೋವಾಗ ರೇಟಿಗಿಂತ ಮುಂಚೆ "ಯಾವ ನೀರಿಂದು?" ಅಂತ ಕೇಳ್ರೀ. ಮಾರೋನಿಗೆ ಅದೇ ಗೊತ್ತಿಲ್ಲ ಅಂದ್ರೆ, ಅವನು ಯಾರದ್ದೋ ಶುಂಠಿ ಗದ್ದೆ ಪಕ್ಕದ ಕಟ್ಟೇಲಿ ಕಿತ್ತಿರ್ಬೋದು. ನಮ್ ಜಿಲ್ಲೇಲಿ ಶುಂಠಿಗೆ ಬೀಳೋ ಔಷಧಿ ಲೆಕ್ಕ ಬೇರೆ ಹೇಳ್ಬೇಕಾ.

ಇನ್ನೊಂದು ಸಿಟ್ಟು ಇದೆ. ಘಟ್ಟದ ಹೊಳೆಗಳಲ್ಲಿ ಬಂಡೆ ಸಂದೀಲಿ ಕ್ರಿಪ್ಟೋಕೊರೈನ್ ಬೆಳೆಯತ್ತೆ, ಮಳೆಗಾಲದಲ್ಲಿ ಮುಳುಗಿ, ನೀರು ಇಳಿದಾಗ ಹೂ ಬಿಡೋ ಗಿಡ. ನಿಧಾನ ಅಂದ್ರೆ ನಿಧಾನ. ಅದನ್ನ ಮೂಟೆಗಟ್ಲೆ ಕಿತ್ತು ಕೊಡ್ತೀನಿ, ಮಾರ್ಕೊಡ್ತೀರಾ ಅಂತ ಹೋದ ವರ್ಷ ಇಬ್ರು ಬಂದಿದ್ರು. ಕಾಫಿ ಕುಡಿಸಿ ವಾಪಸ್ ಕಳಿಸ್ದೆ. ನನ್ ಹತ್ರ ಇರೋದು ಒಬ್ಬ ಹಳೇ ಹವ್ಯಾಸಿ ಕೊಟ್ಟ ನಾಲ್ಕು ಬುಡದಿಂದ ಆಗಿರೋದು, ವರ್ಷಕ್ಕೆ ಮಾರೋಕೆ ಹತ್ತೋ ಹದಿನೈದೋ ಸಿಗತ್ತೆ, ರೇಟು ಜಾಸ್ತಿ, ಚೌಕಾಸಿ ಇಲ್ಲ.

ಕಬೊಂಬಾ ಅನ್ನೋ ಹೊರದೇಶದ ಗಿಡ ಟಬ್ಬಲ್ಲಿ ಮಾತ್ರ, ಹೊಂಡಕ್ಕೆ ಬಿಡಲ್ಲ, ಕೋಡಿ ಹರಿದ್ರೆ ಅದು ಹಳ್ಳ ಸೇರಿ ಯಗಚಿ ಹೊಳೆಗೆ ಹೋಗತ್ತೆ. ನೀರ ಮೇಲೆ ತೇಲ್ತಾ ಹಬ್ಬೋ ಸಾಲ್ವಿನಿಯಾ ಅಂತೂ ಮುಟ್ಟೋದೇ ಇಲ್ಲ. ಬ್ರೆಜಿಲ್ ಕಡೇದು, ಕೇರಳದೋರು ಅದಕ್ಕೆ ಆಫ್ರಿಕನ್ ಪಾಯಲ್ ಅಂತ ಹೆಸರಿಟ್ಟು ಬೈದ್ರು, ಕೊನೆಗೆ 1980ರ ದಶಕದಲ್ಲಿ ಅದನ್ನ ತಿನ್ನೋ ಪುಟಾಣಿ ಮೂತಿಹುಳ ಹೊರಗಿಂದ ತರಿಸಿ ಬಿಡಬೇಕಾಯ್ತು. ನೀವು ಟ್ಯಾಂಕ್ ಕ್ಲೀನ್ ಮಾಡಿದ ಕಸ ದಯವಿಟ್ಟು ಕೆರೆಗೆ ಹಾಕ್ಬೇಡಿ, ಬಿಸಿಲಲ್ಲಿ ಒಣಗಿಸಿ ಗುಲಾಬಿ ಬುಡಕ್ಕೆ ಹಾಕಿ, ಚೆನ್ನಾಗಿ ಬರತ್ತೆ.

ಆರ್ಡರ್ ಕೊಟ್ಟಿರೋರಿಗೆ: ಮೇಲಿನ ತೋಟದಲ್ಲಿ ಹೋದ ವಾರ ಬೋರ್ಡೋ ಆಯ್ತು, ಭಾನುವಾರ ಮಳೆನೂ ಬಂತು. ಹೊಂಡದ್ದು ಸದ್ಯಕ್ಕೆ ಇಲ್ಲ. ಟಬ್ಬಲ್ಲಿರೋ ವ್ಯಾಲಿಸ್ನೇರಿಯಾ ಜೊತೆ ಐದು ಸಿಗಡಿ ಬಿಟ್ಟಿದೀನಿ, ಇವತ್ತಿಗೆ ನಾಲ್ಕನೇ ದಿನ, ಐದೂ ಎಲೆ ಮೇಲೆ ಕೂತು ಮೇಯ್ತಾ ಇವೆ. ಸೋಮವಾರದ ತನಕ ಹಿಂಗೇ ಇದ್ರೆ ಮಂಗಳವಾರ ಪಾರ್ಸಲ್ ಹಾಕ್ತೀನಿ.